ಬೆಳ್ಳಗಿರೋದೆಲ್ಲ ಫಂಗಸ್ಸಲ್ಲ!

ಗಾಜಿನ ತೊಟ್ಟಿಯ ಮೀನು ಸಾಯುವುದು ರೋಗಕ್ಕೋ, ನಾವು ಹಾಕುವ ಔಷಧಕ್ಕೋ?

ಚಿತ್ರದುರ್ಗ: ಭಾನುವಾರ ಸಂಜೆ ಹೊಳಲ್ಕೆರೆಗೋ ಹೊಸದುರ್ಗಕ್ಕೋ ಹೊರಟ ಬಸ್ಸು ಹತ್ತಿದರೆ ಒಂದು ನೋಟ ಈಗೀಗ ಅಪರೂಪವಲ್ಲ. ಕಿಟಕಿ ಪಕ್ಕ ಒಬ್ಬ ಹುಡುಗ. ತೊಡೆಯ ಮೇಲೆ ಗಾಳಿ ತುಂಬಿ ಉಬ್ಬಿದ ಪ್ಲಾಸ್ಟಿಕ್ ಚೀಲ. ಚೀಲದೊಳಗೆ ಎರಡು ಲೋಟ ನೀರು, ಎರಡು ಕೆಂಪು ಮೀನು. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಹುಡುಗ ಚೀಲವನ್ನು ಎತ್ತಿ ಹಿಡಿಯುತ್ತಾನೆ. ಪಕ್ಕದ ಸೀಟಿನ ಅಜ್ಜ, "ಸಾರಿಗೇನಪ್ಪಾ ಇವು?" ಎಂದರೆ ಹುಡುಗನಿಗೆ ಸಿಟ್ಟು. "ಇಲ್ಲ ಕಣಜ್ಜಾ, ಸಾಕೋಕೆ!"

ಸಾಕೋಕೆ ತಂದ ಮೀನು ಒಂದು ವಾರ ಲವಲವಿಕೆಯಿಂದ ಓಡಾಡುತ್ತದೆ. ಹತ್ತನೆಯ ದಿನ ಮೂಲೆ ಹಿಡಿಯುತ್ತದೆ. ಮೈಮೇಲೆ ಏನೋ ಬೆಳ್ಳಗೆ ಕಾಣುತ್ತದೆ. ಹುಡುಗನ ಅಪ್ಪ ಮೀನು ಕೊಂಡ ಅಂಗಡಿಗೆ ಬರುತ್ತಾನೆ.

"ಅಣ್ಣಾ, ಮೀನಿಗೆ ಫಂಗಸ್ ಬಂದೈತೆ, ಏನಾದ್ರೂ ಕೊಡು."

"ಈ ನೀಲಿ ಔಷಧಿ ಹಾಕು, ಸರಿ ಹೋಗ್ತೈತೆ."

ನೀಲಿ ಔಷಧಿ ಹಾಕಿದರು. ನೀರು ನೀಲಿ ಆಯಿತು, ಕಲ್ಲು ನೀಲಿ ಆಯಿತು, ಅಮ್ಮನ ಸೀರೆ ಸೆರಗೂ ನೀಲಿ ಆಯಿತು. ಮೂರನೆಯ ದಿನ ಮೀನು ಹಿತ್ತಲ ಕರಿಬೇವಿನ ಗಿಡದ ಬುಡ ಸೇರಿತು. ಹುಡುಗ ಅನ್ನ ಬಿಟ್ಟು ಕೂತ.

ತಪ್ಪು ಯಾರದು? ಕೊಟ್ಟವನು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟ. ಹಾಕಿದವನು ನಂಬಿಕೆಯಿಂದಲೇ ಹಾಕಿದ. ತಪ್ಪಿದ್ದು ಒಂದೇ ಕಡೆ. ಮೀನಿಗೆ ಬಂದದ್ದು ಏನು ಎಂದು ಯಾರೂ ಸರಿಯಾಗಿ ನೋಡಲಿಲ್ಲ. ಬೆಳ್ಳಗಿರೋದೆಲ್ಲ ಹಾಲಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಮೀನಿನ ಮೈಮೇಲೆ ಬಿಳಿ ಕಂಡ ತಕ್ಷಣ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಮಾತು: "ಫಂಗಸ್!"

ಎಂಟು ಕೆಂಪು, ಒಂದು ಕಪ್ಪು

ಮನೆಯ ಮಾತು ಹಾಗಿರಲಿ, ಅಂಗಡಿಗಳ ಕಡೆ ಬರೋಣ. ಬಟ್ಟೆ ಅಂಗಡಿ, ಹೋಟೆಲು, ಮೊಬೈಲ್ ಅಂಗಡಿ, ಡಾಕ್ಟರ ಕ್ಲಿನಿಕ್ಕು, ಎಲ್ಲೆಡೆ ಗಲ್ಲಾಪೆಟ್ಟಿಗೆಯ ಆಸುಪಾಸಿನಲ್ಲಿ ಗಾಜಿನ ತೊಟ್ಟಿ ಕಾಣುವುದುಂಟು. ಎಂಟು ಕೆಂಪು ಗೋಲ್ಡ್ ಫಿಶ್, ಒಂದು ಕಪ್ಪು. ಹೀಗೆ ಒಂಬತ್ತು ಇದ್ದರೆ ವ್ಯಾಪಾರಕ್ಕೆ ಒಳ್ಳೆಯದು ಎಂಬ ನಂಬಿಕೆ. ಒಂದು ಮೀನು ಸತ್ತರೂ ಚಿಂತೆಯಿಲ್ಲ. "ಮಾಲೀಕರಿಗೆ ಬರಬೇಕಾಗಿದ್ದ ಕಂಟಕ ಮೀನು ತಗೊಂಡು ಹೋಯ್ತು" ಎಂದು ಸಮಾಧಾನ. ಇನ್ನೊಂದು ತಂದು ಬಿಡುತ್ತಾರೆ.

ನಂಬಿಕೆ ಅವರವರಿಗೆ ಬಿಟ್ಟದ್ದು. ಆದರೆ ಲೆಕ್ಕ ಎಲ್ಲರಿಗೂ ಒಂದೇ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ತುಂಬ ಹಿಡಿಯುವುದು ಸುಮಾರು 56 ಲೀಟರ್. ಕಲ್ಲು ಹಾಕಿ, ಮೇಲೆ ಎರಡು ಬೆರಳು ಬಿಟ್ಟರೆ ಉಳಿಯುವುದು 45 ಲೀಟರ್ ನೀರು. ಗೋಲ್ಡ್ ಫಿಶ್ ಚೆನ್ನಾಗಿ ತಿನ್ನುವ, ಚೆನ್ನಾಗಿ ಹೇಲುವ ಮೀನು. ಒಂದೊಂದಕ್ಕೆ ಮೂವತ್ತು ನಲವತ್ತು ಲೀಟರ್ ಆದರೂ ಬೇಕೆನ್ನುತ್ತಾರೆ ಬಲ್ಲವರು. ಅಂಥ ತೊಟ್ಟಿಯಲ್ಲಿ ಒಂಬತ್ತು ಮೀನು ಎಂದರೆ ಐವತ್ತು ಸೀಟಿನ ಬಸ್ಸಿಗೆ ಮುನ್ನೂರು ಜನ ಹತ್ತಿಸಿದ ಹಾಗೆ.

ಅದರ ಮೇಲೆ ಗಿರಾಕಿಗಳ ಉಪಚಾರ ಬೇರೆ. ಮಂಡಕ್ಕಿ ತಿನ್ನುತ್ತಾ ಬಂದವರು ಮೀನಿಗೂ ನಾಲ್ಕು ಕಾಳು ಹಾಕುತ್ತಾರೆ. ತಿಂದು ಬಿಟ್ಟದ್ದು ತಳದಲ್ಲಿ ಕೊಳೆಯುತ್ತದೆ. ಕೊಳೆತದ್ದರಿಂದ, ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ. ನೀರು ಕಣ್ಣಿಗೆ ತಿಳಿಯಾಗಿಯೇ ಇರುತ್ತದೆ, ಆದರೆ ಮೀನಿನ ಕಿವಿರು ಸುಡುತ್ತಿರುತ್ತದೆ.

ಈ ಅಮೋನಿಯಾವನ್ನು ತಿಂದು ತೇಗುವ ಒಳ್ಳೆಯ ಬ್ಯಾಕ್ಟೀರಿಯಾಗಳೂ ಇವೆ. ಅವು ಫಿಲ್ಟರಿನ ಸ್ಪಂಜಿನಲ್ಲಿ, ತಳದ ಕಲ್ಲಿನಲ್ಲಿ ಮನೆ ಮಾಡುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆ ನಿಲ್ಲಲು ನಾಲ್ಕರಿಂದ ಆರು ವಾರ ಬೇಕು. ನಮ್ಮವರಿಗೆ ಅಷ್ಟು ತಾಳ್ಮೆ ಎಲ್ಲಿ? ಬೆಳಿಗ್ಗೆ ತೊಟ್ಟಿ ತಂದರೆ ಮಧ್ಯಾಹ್ನ ಮೀನು ಬಿಡಬೇಕು, ಸಂಜೆ ಪೂಜೆ ಆಗಬೇಕು! ಹತ್ತನೆಯ ದಿನ ಬರುವ ರೋಗದ ಬೀಜ ಬಿತ್ತುವುದು ಆ ಮೊದಲ ದಿನವೇ.

ಮೂರು ಬಿಳಿ, ಮೂರು ರೋಗ

ಈಗ ಮುಖ್ಯ ವಿಷಯ. ಮೀನಿನ ಮೈಮೇಲೆ ಕಾಣುವ ಬಿಳಿಯಲ್ಲಿ ಮೂರು ಬಗೆಯನ್ನಾದರೂ ಗುರುತಿಸಲು ಕಲಿಯಬೇಕು. ಕನ್ನಡಕ ಹಾಕಿಕೊಳ್ಳಿ, ಟಾರ್ಚು ಹಿಡಿಯಿರಿ, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿ.

ಮೊದಲನೆಯದು ಚುಕ್ಕೆ. ಮೀನಿನ ಮೇಲೆ ಯಾರೋ ರವೆ ಉದುರಿಸಿದಂತೆ ಸಣ್ಣ ಸಣ್ಣ ಬಿಳಿ ಕಾಳು. ರೆಕ್ಕೆ, ಬಾಲ, ಮೈ ಎಲ್ಲ ಕಡೆ. ಮೀನು ಕಲ್ಲಿಗೆ ಮೈ ಉಜ್ಜುತ್ತದೆ. ಇದಕ್ಕೆ 'ಇಕ್' ಎಂದು ಹೆಸರು. ಇದು ಫಂಗಸ್ಸೂ ಅಲ್ಲ, ಬ್ಯಾಕ್ಟೀರಿಯಾವೂ ಅಲ್ಲ. ಚರ್ಮದೊಳಗೆ ಹೊಕ್ಕು ಕೂರುವ ಒಂದೇ ಜೀವಕೋಶದ ಪರಾವಲಂಬಿ ಜೀವಿ. ಬೆಳೆದ ಮೇಲೆ ಮೀನಿನಿಂದ ಉದುರಿ ತಳ ಸೇರುತ್ತದೆ. ಅಲ್ಲಿ ಒಡೆದು ನೂರಾರು ಮರಿಯಾಗಿ ಮತ್ತೆ ಮೀನನ್ನು ಹುಡುಕಿ ಹೊರಡುತ್ತದೆ. ಔಷಧ ತಾಕುವುದು ಹೀಗೆ ಈಜುತ್ತಾ ಹೊರಟ ಮರಿಗೆ ಮಾತ್ರ, ಚರ್ಮದೊಳಗೆ ಕೂತದ್ದಕ್ಕಲ್ಲ. ಆದ್ದರಿಂದಲೇ ಮೂರು ದಿನಕ್ಕೆ ಚುಕ್ಕೆ ಮಾಯವಾಯಿತೆಂದು ಔಷಧ ನಿಲ್ಲಿಸಿದವರ ತೊಟ್ಟಿಗೆ ಮುಂದಿನ ವಾರ ಅದೇ ರೋಗ ವಾಪಸ್ಸು ಬರುತ್ತದೆ.

ಎರಡನೆಯದು ಹತ್ತಿ. ಇದೇ ನಿಜವಾದ 'ಫಂಗಸ್'. ಮೀನಿಗೆ ಎಲ್ಲೋ ಗಾಯವಾಗಿತ್ತು, ಇನ್ನೊಂದು ಮೀನು ಕಚ್ಚಿತ್ತು, ಬಲೆಯಲ್ಲಿ ಹಿಡಿಯುವಾಗ ಹುರುಪೆ ಕಿತ್ತಿತ್ತು. ಆ ಜಾಗದಲ್ಲಿ ಎಳೆ ಎಳೆಯಾಗಿ, ನೀರಲ್ಲಿ ತೂಗಾಡುವ ಬೆಳ್ಳಗಿನ ಉಂಡೆ. ಬೀಜದಿಂದ ಆಗತಾನೆ ಬಿಡಿಸಿದ ಹತ್ತಿಯಂತೆ. ನೀರಿನಿಂದ ಮೀನನ್ನು ಎತ್ತಿದರೆ ಎಳೆ ಮೈಗೆ ಅಂಟಿಕೊಂಡು ಲೋಳೆಯಂತೆ ಕಾಣುತ್ತದೆ. ಸಾಪ್ರೊಲೆಗ್ನಿಯಾ ಎಂಬ ನೀರಿನ ಬೂಷ್ಟು ಇದು. ಗಟ್ಟಿಮುಟ್ಟಾದ ಮೀನಿನ ತಂಟೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಗಾಯಗೊಂಡದ್ದು, ಸುಸ್ತಾದದ್ದು, ಸತ್ತ ಮೊಟ್ಟೆ, ಇವೇ ಅದಕ್ಕೆ ಬೇಕು. ಬೂಷ್ಟು ಕಂಡರೆ ಅದಕ್ಕೂ ಮೊದಲು ಮೀನಿಗೆ ಏನೋ ಆಗಿದೆ ಎಂದೇ ಅರ್ಥ.

ಮೂರನೆಯದೇ ಮೋಸಗಾರ. ಮೂತಿಯ ಸುತ್ತ, ಬೆನ್ನ ಮೇಲೆ, ರೆಕ್ಕೆಯ ಬುಡದಲ್ಲಿ ಬೂದು ಮಿಶ್ರಿತ ಬಿಳಿ ಪಟ್ಟೆ. ಹತ್ತಿಯಂತೆ ಕಂಡರೂ ಉದ್ದ ಎಳೆಯಿಲ್ಲ, ಮೈಗೆ ಮೆತ್ತಿಕೊಂಡಿರುತ್ತದೆ. ಕೆಲವೊಮ್ಮೆ ಬೆನ್ನಿನ ಮೇಲೆ ಜೀನು ಹಾಕಿದಂತೆ ಅಡ್ಡಲಾಗಿ ಇಳಿಯುತ್ತದೆ. ಅಂಚು ಹಳದಿ ಇಲ್ಲವೇ ಕೆಂಪಗಿರಬಹುದು. ಮೀನು ಬುಸಬುಸ ಉಸಿರಾಡುತ್ತದೆ. ಇದು ಕಾಲಮ್ನಾರಿಸ್, ಅಪ್ಪಟ ಬ್ಯಾಕ್ಟೀರಿಯಾ ರೋಗ. ಜೋರಾಗಿ ಬಂದರೆ ಒಂದೆರಡು ದಿನದಲ್ಲಿ ತೊಟ್ಟಿ ಖಾಲಿ.

1922ರಲ್ಲಿ ಅಮೆರಿಕದ ಮಿಸಿಸಿಪ್ಪಿ ನದಿಯ ಮೀನುಗಳಲ್ಲಿ ಡೇವಿಸ್ ಎಂಬ ವಿಜ್ಞಾನಿ ಇದನ್ನು ಮೊದಲು ವಿವರಿಸಿದ. ಗಾಯದ ಚೂರನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಈ ಬ್ಯಾಕ್ಟೀರಿಯಾಗಳು ಕಣದಲ್ಲಿ ಬಣವೆ ಒಟ್ಟಿದಂತೆ ಗುಡ್ಡೆ ಗುಡ್ಡೆಯಾಗಿ ಕಾಣುತ್ತವೆ. ಈ ಗುಡ್ಡೆ ನೋಡಿಯೇ 'ಕಂಬ' ಎಂಬ ಅರ್ಥ ಬರುವ ಹೆಸರಿಟ್ಟರು.

ಹೆಸರು ಏನಾದರೇನು, ಮೂರಕ್ಕೂ ಒಂದೇ ಔಷಧ ಹಾಕಿದರಾಗದೇ ಎಂದು ಕೇಳಬಹುದು. ಆಗದು! ಇಕ್ ಬಂದಾಗ ನೀರನ್ನು ನಿಧಾನವಾಗಿ 28-30 ಡಿಗ್ರಿಗೆ ಬಿಸಿ ಮಾಡುತ್ತಾರೆ. ಪರಾವಲಂಬಿಯ ಸುತ್ತು ಬೇಗ ಮುಗಿದು ಔಷಧಕ್ಕೆ ಬೇಗ ಸಿಗಲಿ ಎಂದು. ಅದೇ ಬಿಸಿಯನ್ನು ಕಾಲಮ್ನಾರಿಸ್ ಬಂದ ತೊಟ್ಟಿಗೆ ಕೊಟ್ಟರೆ ಬೆಂಕಿಗೆ ತುಪ್ಪ ಸುರಿದಂತೆ. ಬಿಸಿ ನೀರಿನಲ್ಲಿ ಆ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆಯುತ್ತದೆ, ನೀರಿನಲ್ಲಿರುವ ಆಮ್ಲಜನಕವೂ ಕಡಿಮೆಯಾಗುತ್ತದೆ. ಒಂದು ಬಿಳಿಗೆ ಮದ್ದಾದದ್ದು ಇನ್ನೊಂದು ಬಿಳಿಗೆ ಮೃತ್ಯು.

ಬಿಳಿ ಇಲ್ಲದೆಯೂ ಬರುವ ಬ್ಯಾಕ್ಟೀರಿಯಾ ರೋಗಗಳಿವೆ. ಬಾಲ, ರೆಕ್ಕೆ ಹರಿದ ಬಾಳೆ ಎಲೆಯಂತೆ ಚಿಂದಿಯಾದರೆ ಅದು ರೆಕ್ಕೆ ಕೊಳೆತ. ಬೇಗ ಕಂಡರೆ ನೀರು ಶುದ್ಧ ಮಾಡಿದರೇ ಅರ್ಧ ವಾಸಿ. ಹೊಟ್ಟೆ ಊದಿ, ಹುರುಪೆಗಳು ಗಾಳಿಗೆ ಎದ್ದ ಹೆಂಚಿನಂತೆ ನಿಮಿರಿ ನಿಂತರೆ ಅದು ಜಲೋದರ. ಒಳಗೆ ಮೂತ್ರಪಿಂಡ ಸೋತಿರುತ್ತದೆ. ಆ ಹಂತಕ್ಕೆ ಬಂದ ಮೀನು ಉಳಿಯುವುದು ಅಪರೂಪ.

ಪಂಡಿತರೂ ವರ್ಷಗಟ್ಟಲೆ ಒದ್ದಾಡಿದರು

ಫಂಗಸ್ಸೋ ಬ್ಯಾಕ್ಟೀರಿಯಾವೋ ಎಂಬ ಗೊಂದಲ ನಮ್ಮ ನಿಮ್ಮದು ಮಾತ್ರವಲ್ಲ. ದೊಡ್ಡ ದೊಡ್ಡ ಪಂಡಿತರೇ ಇದೇ ಪ್ರಶ್ನೆ ಹಿಡಿದು ವರ್ಷಗಟ್ಟಲೆ ಒದ್ದಾಡಿದ ಕಥೆ ನಮ್ಮ ದೇಶದ ಕೆರೆಗಳಲ್ಲೇ ನಡೆದಿದೆ.

1988ರಲ್ಲಿ ಬಾಂಗ್ಲಾದೇಶದ ಕಡೆಯಿಂದ ಈಶಾನ್ಯ ರಾಜ್ಯಗಳಿಗೆ ಒಂದು ಮೀನು ರೋಗ ನುಗ್ಗಿತು. ಮೈಮೇಲೆ ಕೆಂಪು ಮಚ್ಚೆ, ಆಮೇಲೆ ಆಳವಾದ ಹುಣ್ಣು, ಮಾಂಸ ಕೊಳೆತು ಮೂಳೆ ಕಾಣುವಷ್ಟು. ಕೊರವ ಮೀನಿಗೆ ಜೋರು. ಕಾಟ್ಲಾ, ರೋಹು, ಮೃಗಾಲವನ್ನೂ ಬಿಡಲಿಲ್ಲ. 1990ರ ದಶಕದ ಆರಂಭದ ಹೊತ್ತಿಗೆ ಅದು ದಕ್ಷಿಣಕ್ಕೂ ಇಳಿದು ಕರ್ನಾಟಕ, ಕೇರಳದ ನೀರಿಗೂ ಬಂತು. ಹುಣ್ಣಿನ ಮೀನು ನೋಡಿದ ಜನ ಮೀನು ಕೊಳ್ಳುವುದನ್ನೇ ಬಿಟ್ಟರು. ಬಲೆ ಹಾಕುವವರ ಒಲೆ ಉರಿಯದಾಯಿತು.

ಹುಣ್ಣು ಕೆರೆದು ನೋಡಿದರೆ ಏರೊಮೊನಾಸ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಇದೇ ಕಳ್ಳ ಎಂದರು ಕೆಲವರು. ವೈರಸ್ ಇರಬೇಕು ಎಂದರು ಕೆಲವರು. ಕೊನೆಗೆ 1990ರ ದಶಕದಲ್ಲಿ ಒಮ್ಮತಕ್ಕೆ ಬಂದರು: ಮೂಲ ಕಳ್ಳ ಅಫನೊಮೈಸಿಸ್ ಇನ್ವೇಡನ್ಸ್ ಎಂಬ ನೀರಿನ ಬೂಷ್ಟು. ಅದು ಮಾಂಸದೊಳಗೆ ಬೇರು ಬಿಟ್ಟು ದಾರಿ ಮಾಡಿಕೊಟ್ಟ ಮೇಲೆ ಬ್ಯಾಕ್ಟೀರಿಯಾ ಬಂದು ಕೂತದ್ದು. ಇದೇ ರೋಗವನ್ನು ಜಪಾನಿನಲ್ಲಿ 1971ರಲ್ಲೇ ಕಂಡಿದ್ದರು ಎಂಬುದೂ ಗೊತ್ತಾಯಿತು.

ಭುವನೇಶ್ವರದ ಬಳಿ ಕೌಸಲ್ಯಾಗಂಗದಲ್ಲಿರುವ ಕೇಂದ್ರ ಸಿಹಿನೀರು ಮತ್ಸ್ಯ ಸಂಸ್ಥೆಯವರು ಈ ರೋಗಕ್ಕೆಂದೇ 'ಸಿಫಾಕ್ಸ್' ಎಂಬ ಔಷಧ ತಂದರು. ನಮ್ಮ ರಾಜ್ಯದಲ್ಲಿ 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಮೀನಿನ ರೋಗವೇ ಒಂದು ಓದು. ಮೀನಿಗೂ ಡಾಕ್ಟರಿಕೆ ಇದೆ. ಅದು ಅಂದಾಜಿನ ಮೇಲೆ ನಡೆಯುವುದಿಲ್ಲ.

ಈ ಕಥೆಯಿಂದ ಗಾಜಿನ ತೊಟ್ಟಿಯವರು ತಿಳಿಯಬೇಕಾದ್ದು ಇಷ್ಟೆ. ಗಾಯದ ಮೇಲೆ ಕಂಡವನೇ ಗಾಯ ಮಾಡಿದವನಲ್ಲ. ಹತ್ತಿ ಕಂಡರೆ ಅದರ ಕೆಳಗೆ ಬ್ಯಾಕ್ಟೀರಿಯಾ ಹುಣ್ಣಿರಬಹುದು, ಅದಕ್ಕೂ ಕೆಳಗೆ ಕೆಟ್ಟ ನೀರಿರಬಹುದು.

ನಮ್ಮೂರ ನೀರಿನ ಗುಣ

ನೀರಿನ ಮಾತು ಬಂತು. ಚಿತ್ರದುರ್ಗ ಜಿಲ್ಲೆಯ ಬೋರ್‌ವೆಲ್ ನೀರಿನ ಗುಣ ಗೃಹಿಣಿಯರಿಗೆ ಹೇಳಬೇಕಾಗಿಲ್ಲ. ಪಾತ್ರೆಯ ತಳಕ್ಕೆ, ಗೀಸರಿನ ಕಾಯಿಲಿಗೆ ಸುಣ್ಣ ಬಳಿದಂತೆ ಬಿಳಿ ಕಟ್ಟುತ್ತದೆ. ಕ್ಯಾಲ್ಸಿಯಂ, ಮೆಗ್ನೀಷಿಯಂ ಹೆಚ್ಚಿರುವ ಗಡಸು ನೀರು. ಎಷ್ಟೋ ಕಡೆ ಫ್ಲೋರೈಡೂ ಹೆಚ್ಚು.

ಇಂಥ ನೀರಿನಲ್ಲಿ ಎರಡು ಸಂಗತಿ ಗಮನದಲ್ಲಿರಲಿ. ಕ್ಷಾರ ಹೆಚ್ಚಾದ ನೀರಿನಲ್ಲಿ ಅಮೋನಿಯಾದ ವಿಷ ಏರುತ್ತದೆ, ಬೇಸಿಗೆಯ ಬಿಸಿಗೆ ಇನ್ನಷ್ಟು ಏರುತ್ತದೆ. ಏಪ್ರಿಲ್ ಮಧ್ಯಾಹ್ನ ಕರೆಂಟು ಹೋಗಿ ಏರ್ ಪಂಪು ನಿಂತರೆ ಮೀನಿನ ಪಾಡು ಕೇಳುವುದೇ ಬೇಡ. ಎರಡನೆಯದು, ಕಾಲಮ್ನಾರಿಸ್ ಬ್ಯಾಕ್ಟೀರಿಯಾ ಗಡಸು ನೀರಿನಲ್ಲಿ ಕಿವಿರಿಗೆ ಇನ್ನೂ ಚೆನ್ನಾಗಿ ಅಂಟುತ್ತದೆ ಎಂದು ಪ್ರಯೋಗಗಳು ತೋರಿಸಿವೆ.

"ಹಾಗಾದ್ರೆ ಫಿಲ್ಟರ್ ನೀರೇ ಹಾಕ್ತೀವಿ ಬಿಡ್ರಿ" ಎಂದು ಕೆಲವರು ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನು ತುಂಬಿ ತಂದು ಸುರಿಯುತ್ತಾರೆ. ಅದೂ ತಪ್ಪು. ಆರ್‌ಓ ನೀರಿನಲ್ಲಿ ಲವಣ ತೀರಾ ಕಡಿಮೆ. ಬರೀ ಅದರಲ್ಲೇ ಇಟ್ಟರೆ ನೀರಿನ ಹದ ನಿಲ್ಲುವುದಿಲ್ಲ, ಮೀನು ಸೊರಗುತ್ತದೆ. ಬೋರಿನ ನೀರಿಗೆ ಬೆರೆಸಿ ಬಳಸುವುದು ಸರಿ.

ವಾಣಿವಿಲಾಸ ಸಾಗರದಿಂದಲೋ ಸೂಳೆಕೆರೆಯಿಂದಲೋ ಬರುವ ನಲ್ಲಿ ನೀರು ಸಿಕ್ಕವರಿಗೆ ಬೇರೆ ತೊಂದರೆ: ಕ್ಲೋರಿನ್. ನಮ್ಮ ಹೊಟ್ಟೆ ಕಾಯುವ ಕ್ಲೋರಿನ್ ಮೀನಿನ ಕಿವಿರು ಸುಡುತ್ತದೆ. ಅಗಲ ಬಾಯಿಯ ಟಬ್ಬಿನಲ್ಲಿ ಒಂದು ದಿನ ತೆರೆದಿಟ್ಟು ಆಮೇಲೆ ಹಾಕಬೇಕು. ಅವಸರವಿದ್ದರೆ ಮೀನಿನ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕವನ್ನು ಚೀಟಿಯಲ್ಲಿ ಹೇಳಿದಷ್ಟು ಹಾಕಬಹುದು. ಹಳೆಯ ಫೋಟೋ ಸ್ಟುಡಿಯೋದವರು ಬಳಸುತ್ತಿದ್ದ 'ಹೈಪೋ' ಎಂಬುದೂ ಇದೇ ಬಗೆಯ ವಸ್ತು.

ಇನ್ನೂ ಸುಲಭದ ದಾರಿ ಒಂದಿದೆ. ನೀರಿಗೆ ತಕ್ಕ ಮೀನು ಆರಿಸಿಕೊಳ್ಳುವುದು. ಗಪ್ಪಿ, ಮೊಲ್ಲಿ, ಪ್ಲಾಟಿ ಇವು ಗಡಸು ನೀರಿಗೆ ಹೊಂದಿಕೊಳ್ಳುವ ಮೀನುಗಳು. ಮೆದು ನೀರಿನ ನಿಯಾನ್ ಟೆಟ್ರಾವನ್ನು ಹಿರಿಯೂರಿನ ಬೋರಿನ ನೀರಿಗೆ ಬಿಟ್ಟು, ಆಮೇಲೆ ಅಂಗಡಿಯವನನ್ನು ಬೈದರೆ ಏನು ಪ್ರಯೋಜನ?

ಕ್ಯಾಪ್ಸೂಲ್ ಬಿಚ್ಚುವ ಮುನ್ನ

ಎಲ್ಲಕ್ಕಿಂತ ದೊಡ್ಡ ಅಪಾಯ ಇರುವುದು ಇಲ್ಲಿ. ಮೀನು ಮಂಕಾದ ಕೂಡಲೇ ಮೆಡಿಕಲ್ ಸ್ಟೋರಿಗೆ ಓಡಿ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲು ತಂದು, ಬಿಚ್ಚಿ, ಪುಡಿಯನ್ನು ತೊಟ್ಟಿಗೆ ಉದುರಿಸುವ ಅಭ್ಯಾಸ ಹಲವರಿಗಿದೆ. ಎಷ್ಟು ಲೀಟರಿಗೆ ಎಷ್ಟು? ಗೊತ್ತಿಲ್ಲ. ಎಷ್ಟು ದಿನ? ಅದೂ ಗೊತ್ತಿಲ್ಲ.

ಇದರಿಂದ ನಾಲ್ಕು ನಷ್ಟ. ಒಂದು, ಫಂಗಸ್ಸಿಗೂ ಇಕ್ಕಿಗೂ ಈ ಔಷಧ ತಾಕುವುದೇ ಇಲ್ಲ. ಎರಡು, ಅದು ಕೆಟ್ಟ ಬ್ಯಾಕ್ಟೀರಿಯಾದ ಜೊತೆಗೆ ಫಿಲ್ಟರಿನಲ್ಲಿರುವ ಒಳ್ಳೆಯದನ್ನೂ ಕೊಲ್ಲಬಹುದು. ಆಗ ಅಮೋನಿಯಾ ಏರಿ, ರೋಗದಿಂದ ಉಳಿದ ಮೀನು ವಿಷದಿಂದ ಸಾಯುತ್ತದೆ.

ಮೂರನೆಯದು ನಮ್ಮ ಜಿಲ್ಲೆಯವರು ಬರೆದಿಟ್ಟುಕೊಳ್ಳಬೇಕಾದ ಮಾತು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಎರಡೂ ಟೆಟ್ರಾಸೈಕ್ಲಿನ್ನನ್ನು ಹಿಡಿದು ಕಟ್ಟಿಹಾಕುತ್ತವೆ. ಈ ಮಾತ್ರೆ ನುಂಗುವಾಗ ಹಾಲು ಕುಡಿಯಬೇಡಿ ಎಂದು ಡಾಕ್ಟರು ಹೇಳುವುದೂ ಇದೇ ಕಾರಣಕ್ಕೆ. ಅಂದರೆ ನಮ್ಮ ಬೋರಿನ ನೀರಿಗೆ ಹಾಕಿದ ಕ್ಯಾಪ್ಸೂಲಿನ ಬಹುಪಾಲು ಮೀನಿನ ರೋಗಾಣುವನ್ನು ಮುಟ್ಟುವುದೇ ಇಲ್ಲ. ದುಡ್ಡು ನೀರಿನಲ್ಲಿ ಹೋಮ!

ನಾಲ್ಕನೆಯದು ಮೀನಿನದಲ್ಲ, ಮನುಷ್ಯರದು. ಅರ್ಧಂಬರ್ಧ ಆ್ಯಂಟಿಬಯೋಟಿಕ್ ಕುಡಿದು ಬದುಕಿ ಉಳಿದ ಬ್ಯಾಕ್ಟೀರಿಯಾ ಮುಂದೆ ಆ ಔಷಧಕ್ಕೆ ಬಗ್ಗುವುದಿಲ್ಲ. ತೊಟ್ಟಿಯ ನೀರು ಚರಂಡಿಗೆ, ಚರಂಡಿ ಕೆರೆಗೆ. ನಾಳೆ ಮಗುವಿಗೆ ಜ್ವರ ಬಂದಾಗ ಔಷಧ ನಾಟದಿದ್ದರೆ ಯಾರನ್ನು ಕೇಳುವುದು? ಆ್ಯಂಟಿಬಯೋಟಿಕ್ಕನ್ನು ಚೀಟಿಯಿಲ್ಲದೆ ಮಾರಬಾರದು ಎಂಬ ಕಾನೂನು ಇರುವುದು ಸುಮ್ಮನಲ್ಲ.

ಹಾಗಾದರೆ ಮಾಡಬೇಕಾದ್ದೇನು?

ಮೊದಲು ಕಾಯಿಲೆ ಮೀನನ್ನು ಬೇರೆ ಟಬ್ಬಿಗೆ ಹಾಕಿ. ಹತ್ತು ಹದಿನೈದು ಲೀಟರಿನ ಪ್ಲಾಸ್ಟಿಕ್ ಟಬ್ಬು, ಒಂದು ಏರ್ ಪಂಪು ಸಾಕು. ಅದೇ ಅದರ ಆಸ್ಪತ್ರೆ. ದೊಡ್ಡ ತೊಟ್ಟಿಯ ನೀರನ್ನು ಕಾಲು ಭಾಗ ಬದಲಿಸಿ. ಒಮ್ಮೆಗೇ ಪೂರ್ತಿ ಬದಲಿಸಿ, ಕಲ್ಲನ್ನೂ ಸ್ಪಂಜನ್ನೂ ನಲ್ಲಿ ಕೆಳಗಿಟ್ಟು ಉಜ್ಜಿ ತೊಳೆದರೆ ಒಳ್ಳೆಯ ಬ್ಯಾಕ್ಟೀರಿಯಾ ತೊಳೆದುಹೋಗುತ್ತದೆ. ಸ್ಪಂಜನ್ನು ತೊಟ್ಟಿಯದೇ ನೀರಲ್ಲಿ ಹಿಂಡಿ. ಒಂದೆರಡು ದಿನ ಆಹಾರ ಕಡಿಮೆ ಮಾಡಿ. ಮೀನು ಅಷ್ಟಕ್ಕೆ ಸಾಯುವುದಿಲ್ಲ.

ಎರಡನೆಯ ಮದ್ದು ಅಡುಗೆ ಮನೆಯಲ್ಲೇ ಇದೆ. ಉಪ್ಪು! ಲೀಟರಿಗೆ ಒಂದರಿಂದ ಮೂರು ಗ್ರಾಂ. ಅಂದಾಜಿನ ಹಿಡಿ ಬೇಡ, ಅಂಗಡಿಯ ತಕ್ಕಡಿ ಇದೆಯಲ್ಲ, ತೂಗಿ. ಹತ್ತು ಲೀಟರಿನ ಟಬ್ಬಿಗೆ ಇಪ್ಪತ್ತು ಗ್ರಾಂ ಸಾಕಷ್ಟಾಯಿತು. ಬೇರೆ ಲೋಟದಲ್ಲಿ ಕರಗಿಸಿ, ಮೂರು ಕಂತಿನಲ್ಲಿ, ಒಂದು ದಿನದೊಳಗೆ ಬೆರೆಸಿ. ಸಣ್ಣ ಬೂಷ್ಟಿಗೆ, ರೆಕ್ಕೆ ಕೊಳೆತದ ಆರಂಭಕ್ಕೆ ಇದು ಎಷ್ಟೋ ಸಲ ಸಾಕು. ಹುರುಪೆ ಇಲ್ಲದ, ಮೀಸೆ ಇರುವ ಮೀನುಗಳಿಗೆ ಉಪ್ಪು ಅಷ್ಟಾಗಿ ಒಗ್ಗದು, ಅವುಗಳಿಗೆ ಕಡಿಮೆಯೇ ಇರಲಿ. ನೀರು ಆರಿದರೂ ಉಪ್ಪು ಆರುವುದಿಲ್ಲ. ಆದ್ದರಿಂದ ತೆಗೆದ ನೀರಿನ ಲೆಕ್ಕಕ್ಕಷ್ಟೇ ಮತ್ತೆ ಉಪ್ಪು ಸೇರಿಸಬೇಕು.

ಹತ್ತಿಯಂಥ ಬೂಷ್ಟು ಹೆಚ್ಚಾಗಿದ್ದರೆ ಮೆಥಿಲೀನ್ ಬ್ಲೂ, ಅಂದರೆ ಆ ನೀಲಿ ಔಷಧ, ಕೆಲಸಕ್ಕೆ ಬರುತ್ತದೆ. ಆದರೆ ಆಸ್ಪತ್ರೆ ಟಬ್ಬಿನಲ್ಲಿ ಮಾತ್ರ. ದೊಡ್ಡ ತೊಟ್ಟಿಗೆ ಹಾಕಿದರೆ ಫಿಲ್ಟರಿನ ಬ್ಯಾಕ್ಟೀರಿಯಾ ಸಾಯುತ್ತದೆ. ಹುಡುಗನ ಮನೆಯಲ್ಲಿ ನಡೆದದ್ದು ಇದೇ. ಇಕ್ಕಿಗೆ ಅದಕ್ಕೆಂದೇ ಇರುವ ಔಷಧವನ್ನು ಚುಕ್ಕೆ ಮಾಯವಾದ ಮೇಲೂ ಚೀಟಿಯಲ್ಲಿ ಹೇಳಿದಷ್ಟು ದಿನ ಮುಂದುವರಿಸಬೇಕು. ಇಕ್ಕಿನ ಮರಿ ತೊಟ್ಟಿಯಲ್ಲೇ ಇರುವುದರಿಂದ ಇಲ್ಲಿ ಮಾತ್ರ ಇಡೀ ತೊಟ್ಟಿಗೇ ಚಿಕಿತ್ಸೆ. ಮೂತಿಯಲ್ಲಿ ಬೂದು ಪಟ್ಟೆ ಕಂಡರೆ ಬಿಸಿ ಮಾಡಬೇಡಿ, ಗಾಳಿ ಹೆಚ್ಚಿಸಿ, ತಡ ಮಾಡದೆ ತಿಳಿದವರನ್ನು ಕೇಳಿ. ಆ್ಯಂಟಿಬಯೋಟಿಕ್ ಬೇಕೇಬೇಕಾದರೆ ಆಹಾರದಲ್ಲಿ ಬೆರೆಸಿ ಕೊಡುವ ಕ್ರಮವಿದೆ. ಅದರ ಅಳತೆ ಹೇಳಬೇಕಾದವರು ಮೀನಿನ ರೋಗ ಬಲ್ಲವರು, ಪಕ್ಕದ ಅಂಗಡಿಯವರಲ್ಲ. ಜಿಲ್ಲಾ ಕೇಂದ್ರದಲ್ಲಿ ಮೀನುಗಾರಿಕೆ ಇಲಾಖೆಯ ಕಚೇರಿ ಇದೆ, ಹೋಗಿ ಕೇಳುವುದಕ್ಕೆ ಸಂಕೋಚ ಯಾಕೆ?

ಔಷಧ ಹಾಕುವಾಗ ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆಯಿರಿ, ಅದು ಔಷಧವನ್ನೇ ಹೀರಿಬಿಡುತ್ತದೆ. ಎರಡು ಔಷಧ ಒಟ್ಟಿಗೆ ಬೆರೆಸಬೇಡಿ. ಮ್ಯಾಲಕೈಟ್ ಗ್ರೀನ್ ಎಂಬ ಹಸಿರು ಬಣ್ಣದ ಔಷಧವನ್ನು ತಿನ್ನುವ ಮೀನಿನ ಹತ್ತಿರಕ್ಕೂ ತರಬೇಡಿ. ಅದು ಮನುಷ್ಯರಿಗೆ ಕೆಟ್ಟದ್ದು.

ಕೈಗೂ ತಗಲೀತು, ಕೆರೆಗೂ ತಗಲೀತು

ಮೀನಿನ ರೋಗ ಮನುಷ್ಯರಿಗೆ ಬರುತ್ತದೆಯೇ? ಹೆಚ್ಚಿನವು ಬರುವುದಿಲ್ಲ. ಕೆಲವು ಮಾತ್ರ ಬರಬಹುದು. ಮೈಕೊಬ್ಯಾಕ್ಟೀರಿಯಂ ಮರಿನಂ ಎಂಬುದು ಕ್ಷಯ ರೋಗಾಣುವಿನ ದಾಯಾದಿ. ಮೀನು ತಿಂದರೂ ಸೊರಗುತ್ತಾ ಬೆನ್ನು ಬಾಗಿ ಸಾಯುತ್ತದೆ. ಕೈಯಲ್ಲಿ ಗಾಯವಿದ್ದು ಆ ನೀರಿಗೆ ಕೈ ಹಾಕಿದರೆ, ಕೆಲವು ವಾರದ ಮೇಲೆ ಬೆರಳಿನ ಮೇಲೆ ಗಂಟು, ಹುಣ್ಣು ಏಳಬಹುದು. ಸಾಮಾನ್ಯ ಮುಲಾಮಿಗೆ ವಾಸಿಯಾಗುವುದಿಲ್ಲ, ತಿಂಗಳುಗಟ್ಟಲೆ ಚಿಕಿತ್ಸೆ ಬೇಕು. ಗಾಯದ ಕೈ ತೊಟ್ಟಿಗೆ ಹಾಕಬೇಡಿ. ವಾಸಿಯಾಗದ ಹುಣ್ಣಿಗೆ ಡಾಕ್ಟರ ಹತ್ತಿರ ಹೋದರೆ "ಮನೇಲಿ ಮೀನು ಸಾಕಿದೀವಿ ಸಾರ್" ಎಂದು ಹೇಳುವುದನ್ನು ಮರೆಯಬೇಡಿ. ಆ ಒಂದು ಮಾತು ಅವರ ಅರ್ಧ ಕೆಲಸ ಮುಗಿಸುತ್ತದೆ.

ಇನ್ನೊಂದು ಮಾತು. ಸಾಕಿ ಬೇಸರವಾದಾಗ, ಮೀನಿಗೆ ರೋಗ ಬಂದಾಗ, "ಪಾಪ, ಕೊಲ್ಲೋದು ಯಾಕೆ" ಎಂದು ಸಂತೆಹೊಂಡಕ್ಕೋ ವೇದಾವತಿಗೋ ಬಿಟ್ಟು ಪುಣ್ಯ ಕಟ್ಟಿಕೊಳ್ಳುವವರಿದ್ದಾರೆ. ಅದು ಪುಣ್ಯವಲ್ಲ. ಗಾಜಿನ ತೊಟ್ಟಿಯ ಗೌರಾಮಿ ಮೀನಿಗೂ 1988ರ ಆ ಹುಣ್ಣು ರೋಗ ತಗಲುತ್ತದೆ. ದೂರದ ಚೆನ್ನೈನ ಕೊಳತ್ತೂರಿನಂಥ ಸಗಟು ಪೇಟೆಗಳಿಂದ ಬೆಂಗಳೂರು ದಾಟಿ ಇಲ್ಲಿಗೆ ಬರುವ ಮೀನು ತನ್ನ ಜೊತೆ ಏನೇನು ತಂದಿದೆ ಎಂದು ಯಾರಿಗೆ ಗೊತ್ತು?

1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಹಿರಿಯೂರಿನವರೂ ಹೊಸದುರ್ಗದವರೂ ಬಸ್ಸು, ಬೈಕು ಹತ್ತಿ ನೋಡಲು ಓಡಿದರು. ಅಷ್ಟು ವರ್ಷ ಕಾದು ಕಂಡ ನೀರಿದು. ಆ ನೀರಿನಲ್ಲಿ ಬಲೆ ಬೀಸಿ ಬದುಕುವವರಿದ್ದಾರೆ. ಒಬ್ಬರ ಷೋಕಿಯ ತೊಟ್ಟಿಯಿಂದ ಅವರ ಅನ್ನಕ್ಕೆ ಕಲ್ಲು ಬೀಳಬಾರದು. ಸತ್ತ ಮೀನನ್ನು ಮಣ್ಣಿನಲ್ಲಿ ಹೂಳಿ. ಬೇಡವಾದ ಮೀನನ್ನು ಇನ್ನೊಬ್ಬ ಸಾಕುವವರಿಗೆ ಕೊಡಿ.

ಬಸ್ಸಿನ ಹುಡುಗನ ಮಾತಿಗೆ ಬರೋಣ. ಅವನು ಮತ್ತೆ ಅಪ್ಪನ ಬೆನ್ನು ಬೀಳುತ್ತಾನೆ, ಮಕ್ಕಳೇ ಹಾಗೆ. ಈ ಸಲ ಮೀನು ತರುವ ಮೊದಲು ತೊಟ್ಟಿಗೆ ನೀರು ತುಂಬಿ, ಫಿಲ್ಟರ್ ಹಾಕಿ, ಚಿಟಿಕೆ ಆಹಾರ ಉದುರಿಸುತ್ತಾ ಒಂದು ತಿಂಗಳು ಓಡಲಿ. ತಂದ ಚೀಲವನ್ನು ಹದಿನೈದು ಇಪ್ಪತ್ತು ನಿಮಿಷ ನೀರ ಮೇಲೆ ತೇಲಿಬಿಡಲಿ. ಚೀಲದ ನೀರನ್ನು ಹೊರಗೆ ಚೆಲ್ಲಿ, ಮೀನನ್ನು ಮಾತ್ರ ಒಳಗೆ ಬಿಡಲಿ. ಮೊದಲೇ ತೊಟ್ಟಿಯಲ್ಲಿ ಮೀನಿದ್ದರೆ ಹೊಸದನ್ನು ಎರಡು ಮೂರು ವಾರ ಬೇರೆ ಟಬ್ಬಿನಲ್ಲಿಡಲಿ. ಆಮೇಲೂ ಬಿಳಿ ಕಂಡರೆ, ಔಷಧದ ಬಾಟಲಿಗೆ ಕೈ ಹಾಕುವ ಮೊದಲು ಅಪ್ಪ ಮಗ ಇಬ್ಬರೂ ಟಾರ್ಚು ಹಿಡಿದು ಕೂತು ನೋಡಲಿ. ರವೆಯೋ, ಹತ್ತಿಯೋ, ಮೆತ್ತಿದ ಪಟ್ಟೆಯೋ?

ಐದು ನಿಮಿಷದ ಕೆಲಸ. ದುಡ್ಡೂ ಬೇಡ.